ದಬದಬಿಯ ಕರೆಂಟು

ಹೋದ ತಿಂಗಳು ಶಹಾಬಾದಿಗೆ ಒಂದು ಮದುವೆಗೆ ಹೋಗಿದ್ದೆ. ಕಲ್ಯಾಣಮಂಟಪದ ಬಾಗಿಲಲ್ಲಿ ಅಗಲವಾದ ಹಿತ್ತಾಳೆ ಪಾತ್ರೆ ಇಟ್ಟು, ನೀರು ತುಂಬಿ, ಮೇಲೆ ಗುಲಾಬಿ ಪಕಳೆ, ಚೆಂಡುಹೂವು ತೇಲಿಬಿಟ್ಟಿದ್ದರು. ಈಗ ಎಲ್ಲ ಮದುವೆಯಲ್ಲೂ ಹೀಗೆ ಮಾಡುತ್ತಾರೆ, ನೀವೂ ನೋಡಿರುತ್ತೀರಿ. ನಾನು ಅದರ ಪಕ್ಕದ ಕುರ್ಚಿಯಲ್ಲಿ ಕೂತು, ಬಹಳ ವರ್ಷದ ಮೇಲೆ ಸಿಕ್ಕ ಚಿಕ್ಕಮ್ಮನ ಮಗಳ ಜೊತೆ ಮಾತಿಗೆ ಬಿದ್ದೆ. ಅವಳ ಮೊಣಕಾಲು ನೋವಿನಿಂದ ಶುರುವಾದ ಮಾತು ನನ್ನ ಮೊಣಕಾಲು ನೋವಿಗೆ ಬಂದು ಮುಟ್ಟುವಷ್ಟರಲ್ಲಿ, ಮಂಟಪದ ಅಲಂಕಾರ ಮಾಡಿದ್ದ ಹುಡುಗಿ ಎದುರಿಗೆ ಬಂದು ನಿಂತಿದ್ದಳು.

“ಅಯ್ಯ ಆಂಟಿ, ಏನ್ ಮಾಡೀರಿ ಇದು!”

ನೋಡಿದರೆ ಪಾತ್ರೆಯ ನೀರು ಕನ್ನಡಿಯ ಹಾಗೆ ತಿಳಿಯಾಗಿದೆ. ಪಕಳೆ, ಚೆಂಡುಹೂವು ಎಲ್ಲ ನನ್ನ ಕಾಲಿನ ಹತ್ತಿರ ಗುಡ್ಡೆ ಬಿದ್ದಿವೆ. ನಾನು ಮಾತಾಡುತ್ತಿದ್ದಾಗ ಕೈ ತನ್ನ ಪಾಡಿಗೆ ತನ್ನ ಕೆಲಸ ಮುಗಿಸಿಬಿಟ್ಟಿತ್ತು.

“ಬ್ಯಾಸರ ಮಾಡ್ಕೋಬ್ಯಾಡವ್ವ, ನನ್ನ ಕೈಗಿ ಚಟ ಅದ,” ಅಂದೆ. ಚಿಕ್ಕಮ್ಮನ ಮಗಳು ನಕ್ಕು ನಕ್ಕು ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಚಟವೇ ಹೌದು. ನೀರಿನ ಮೇಲೆ ಏನಾದರೂ ತೇಲುತ್ತಿದ್ದರೆ ನನಗೆ ಸುಮ್ಮನೆ ಕೂರಲಾಗುವುದಿಲ್ಲ. ಚಹಾದಲ್ಲಿ ತೇಲುವ ಏಲಕ್ಕಿ ಸಿಪ್ಪೆಯಾಗಲಿ, ಬಕೀಟಿನಲ್ಲಿ ಬಿದ್ದ ಬೇವಿನ ಎಲೆಯಾಗಲಿ, ಎತ್ತಿ ಹೊರಗೆ ಹಾಕಿದರೇ ಸಮಾಧಾನ. ಇದು ನನಗೆ ಹತ್ತಿದ್ದು ನಮ್ಮೂರಿನ ಕೆನಾಲಿನಿಂದ. ಕೆನಾಲಿನ ನೀರು ಹಂಚಿಕೊಳ್ಳುವ ರೈತರ ಸಂಘವೊಂದು ನಮ್ಮಲ್ಲಿದೆ. ಆ ಸಂಘದ್ದೇ ಒಂದು ಪುಟ್ಟ ಪವರ್‌ಹೌಸ್ ಇದೆ. ನೀರಿನಿಂದ ಕರೆಂಟು ಮಾಡುವ ಆ ಯಂತ್ರದ ಬಾಯಿಗೆ ಕಸ ಹೋಗದ ಹಾಗೆ ನೋಡಿಕೊಳ್ಳುವ ಹೆಂಗಸರಲ್ಲಿ ನಾನೂ ಒಬ್ಬಳು. ಹೇಳುವಾಗ ಸ್ವಲ್ಪ ಎದೆ ಉಬ್ಬುತ್ತದೆ, ಉಬ್ಬಲಿ ಬಿಡಿ.

ನನ್ನ ತವರು ವಾಡಿ. ಅಪ್ಪ ರೈಲ್ವೆಯಲ್ಲಿದ್ದರು. ಹಳಿಯ ಪಕ್ಕದಲ್ಲೇ ನಮ್ಮ ಕ್ವಾರ್ಟರ್ಸು. ಒಣಹಾಕಿದ ಬಟ್ಟೆಯ ಮೇಲೆ, ತುಳಸಿಕಟ್ಟೆಯ ಮೇಲೆ, ಹಪ್ಪಳದ ಮೇಲೆ ಸಿಮೆಂಟಿನ ಧೂಳು ಕೂರುತ್ತಿತ್ತು. ಆದರೂ ವಾಡಿಯವರಿಗೆ ಇದ್ದ ಗತ್ತು ನಿಮಗೆ ಹೇಳಿ ಮುಗಿಯದು. ಮುಂಬೈಗೆ ಹೋಗುವವರೂ ಮದ್ರಾಸಿಗೆ ಹೋಗುವವರೂ ಹೈದರಾಬಾದಿಗೆ ಹೋಗುವವರೂ ನಮ್ಮೂರಲ್ಲಿ ಇಳಿದು ಚಹಾ ಕುಡಿದೇ ಮುಂದಕ್ಕೆ ಹೋಗಬೇಕು ಅನ್ನುವುದು ನಮ್ಮ ತಿಳುವಳಿಕೆ. ಕರೆಂಟು ಎಲ್ಲಿಂದ ಬರುತ್ತದೆ ಎಂದು ಯಾರಾದರೂ ಕೇಳಿದ್ದರೆ ನಾನು ಗೋಡೆಯ ಮೇಲಿನ ಬಟನ್ ತೋರಿಸುತ್ತಿದ್ದೆ. ಅಲ್ಲಿಂದ ಆಚೆಗೆ ನನ್ನ ವಿದ್ಯೆ ಹೋಗಿರಲಿಲ್ಲ.

ಅಂಥವಳನ್ನು ಚಿಂಚೋಳಿ ತಾಲೂಕಿನಲ್ಲಿ, ಚಂದ್ರಂಪಳ್ಳಿ ಕಡೆಯ ಕಾಡು ಮುಗಿದು ಹೊಲ ಶುರುವಾಗುವ ಕಡೆ ಇರುವ ಈ ಊರಿಗೆ ಕೊಟ್ಟರು. ಗಂಡನ ಮನೆಗೆ ಬಂದ ಮೊದಲ ದಿನ ಎಲೆಅಡಿಕೆ ಹಾಕಿಕೊಂಡು ಎಲ್ಲರೂ ಪಡಸಾಲೆಯಲ್ಲಿ ಕೂತಿದ್ದರು. ದೂರದಲ್ಲಿ ಧಡಧಡ ಎಂಬ ಸದ್ದು. ನಾನು ಕಿವಿಗೊಟ್ಟೆ. ಸದ್ದು ನಿಲ್ಲಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಕಾದೆ. ಆಮೇಲೆ ತಡೆಯಲಾಗದೆ ಪಕ್ಕದಲ್ಲಿದ್ದ ಮೈದುನನನ್ನು ಕೇಳಿದೆ: “ಯಾವ ಗಾಡಿರಿ ಇದು? ಮುಗೀಲಿಕ್ಕೇ ಒಲ್ಲದು. ಗೂಡ್ಸ್ ಏನು?”

ಪಡಸಾಲೆಯಲ್ಲಿ ಎದ್ದ ನಗು ಹನುಮಾನ ಗುಡಿಯವರೆಗೂ ಕೇಳಿಸಿತಂತೆ. ಅದು ದಬದಬಿ. ಎತ್ತರದ ದಂಡೆಯ ಮೇಲೆ ಬರುವ ಕೆನಾಲು ನಮ್ಮೂರ ಹತ್ತಿರ ಬಂದು, ಕಲ್ಲಿನ ಕಟ್ಟೆಯ ಮೇಲಿಂದ ಒಮ್ಮೆಲೇ ಕೆಳಗೆ ಧುಮುಕಿ ಮುಂದಕ್ಕೆ ಹೋಗುತ್ತದೆ. ಹಾಗೆ ಬೀಳುವ ನೀರಿಗೆ ನಮ್ಮ ಕಡೆ ದಬದಬಿ ಅನ್ನುತ್ತಾರೆ. ಅಂದಿನಿಂದ ಊರಿಗೆಲ್ಲ ನಾನು ಗೂಡ್ಸ್ ವೈನಿ, ಅಂದರೆ ಗೂಡ್ಸ್ ಅತ್ತಿಗೆ. ಈಗ ಮೊಮ್ಮಕ್ಕಳ ವಯಸ್ಸಿನವರೂ ಹಾಗೇ ಕರೆಯುತ್ತಾರೆ. ನನ್ನ ಹೆಸರು ಕಮಲಾಬಾಯಿ ಎಂದು ಗೊತ್ತಿರುವವರು ಊರಲ್ಲಿ ಕಡಿಮೆ.

ಹೊದೆಯುವ ಕೌದಿ ಒಗೆಯಲಿಕ್ಕೆ ನಾವೆಲ್ಲ ದಬದಬಿಯ ಬುಡಕ್ಕೇ ಹೋಗುವುದು. ಆ ಸದ್ದಿನಲ್ಲಿ ಮಾತಾಡಬೇಕೆಂದರೆ ಚೀರಲೇಬೇಕು. ಹೀಗಾಗಿ ನಮ್ಮೂರ ಹೆಂಗಸರ ಗಂಟಲು ಆಸುಪಾಸಿನ ಹಳ್ಳಿಗಳಲ್ಲೆಲ್ಲ ಹೆಸರಾದದ್ದು. ಅದರಲ್ಲಿ ಒಂದು ಅನುಕೂಲವೂ ಇತ್ತು. ಅತ್ತೆಯ ಮೇಲಿನ ಸಿಟ್ಟನ್ನು ಎಷ್ಟು ಗಟ್ಟಿಯಾಗಿ ಹೇಳಿಕೊಂಡರೂ ನೀರು ಅದನ್ನು ನುಂಗಿಬಿಡುತ್ತಿತ್ತು.

ಈ ದಬದಬಿಯಿಂದ ಕರೆಂಟು ಮಾಡಬಹುದು ಎಂಬ ಮಾತು ಬಂದಾಗ ಗುಡಿಯ ಕಟ್ಟೆಯ ಮೇಲೆ ಸಂಘದ ಸಭೆ ಸೇರಿತು. ಸಂಘದ ಅಧ್ಯಕ್ಷರು ಶರಣಪ್ಪ ಕಾಕಾ. ಅವರ ಹೊಲ ಕೆನಾಲಿನ ಬಾಲದಲ್ಲಿದೆ, ಅಂದರೆ ನೀರು ಎಲ್ಲರ ಹೊಲ ಸುತ್ತಿ ಕೊನೆಗೆ ಮುಟ್ಟುವ ಕಡೆ. ಮುಟ್ಟಿದರೆ ಮುಟ್ಟಿತು, ಇಲ್ಲದಿದ್ದರೆ ಇಲ್ಲ. ಕಾಕಾ ತಮ್ಮ ಆಯುಷ್ಯವನ್ನೆಲ್ಲ ‘ಬಾಲಕ್ಕ ನೀರು ಮುಟ್ಟಲಿಕತ್ತಿಲ್ಲ’ ಎಂದು ಕೂಗುವುದರಲ್ಲೇ ಕಳೆದವರು. ಕೂಗಿ ಕೂಗಿಯೇ ಅಧ್ಯಕ್ಷರಾದವರು.

ಅವರು ಸಭೆಗೆ ಬಂದಿದ್ದ ಇಂಜಿನಿಯರನ್ನು ಕೇಳಿದರು: “ಸಾಹೇಬ್ರ, ನಿಮ್ಮ ಮಿಷನ್ ನೀರು ಕುಡೀತದೇನ್ರಿ?”

“ಕುಡಿಯೋದಿಲ್ಲ ಯಜಮಾನ್ರೆ. ಮೇಲಿನಿಂದ ಬಿದ್ದ ನೀರು ಚಕ್ರ ತಿರುಗಿಸಿ, ಅಷ್ಟೂ ನೀರು ಕೆಳಗಿನ ಕೆನಾಲಿಗೇ ಹೋಗ್ತದೆ.”

“ಹಂಗಾರ ತಿರುಗ್ಲಿ. ಆದ್ರ ಬಾಲಕ್ಕ ಮುಟ್ಟೋ ನೀರು ಒಂದ್ ಬೊಗಸಿ ಕಮ್ಮಿ ಆದ್ರೂ ನಾನೇ ಬಂದು ಆ ಮಿಷನ್ನಿನ ಕಿವಿ ಹಿಂಡ್ತೀನಿ, ನೋಡ್ರಿ.”

ನಮ್ಮ ಅತ್ತೆಯ ಅನುಮಾನ ಬೇರೆ ಥರದ್ದು. ಕರೆಂಟು ತೆಗೆದುಕೊಂಡ ಮೇಲೆ ನೀರಿನಲ್ಲಿ ಕಸುವು ಉಳಿಯುತ್ತದೆಯೋ ಇಲ್ಲವೋ? ಯಂತ್ರ ಬಂದ ಮೇಲೆ ಅವರು ಪವರ್‌ಹೌಸಿನ ಮೇಲುಗಡೆಯಿಂದ ಒಂದು ಕೊಡ, ಕೆಳಗಡೆಯಿಂದ ಒಂದು ಕೊಡ ನೀರು ತರಿಸಿ, ಎರಡು ಒಲೆಯ ಮೇಲೆ ತೊಗರಿಬೇಳೆ ಬೇಯಲಿಟ್ಟು ಎದುರಿಗೆ ಕೂತರು. ಕೆಳಗಿನ ನೀರಿನ ಬೇಳೆಯೇ ಮೊದಲು ಬೆಂದಿತು. ಆ ಒಲೆಗೆ ನಾನು ಸೌದೆ ಸ್ವಲ್ಪ ಜಾಸ್ತಿ ಒಟ್ಟಿದ್ದೆ ಅನ್ನುವುದು ಬೇರೆ ಮಾತು. “ಕಸುವು ಕಮ್ಮಿ ಆಗಿಲ್ಲ, ಹೆಚ್ಚೇ ಆಗ್ಯದ,” ಎಂದು ಅತ್ತೆ ಊರಿಗೆಲ್ಲ ಸಾರಿದರು. ಯಾವ ಅಧಿಕಾರಿಯ ಮಾತಿಗಿಂತಲೂ ಆ ಬೇಳೆಯ ಮಾತನ್ನೇ ಜನ ಹೆಚ್ಚು ನಂಬಿದರು.

ಯಂತ್ರ ನಡೆಸಲು ಬಂದವಳು ನಸ್ರೀನ್. ಶಹಾಬಾದಿನ ಹುಡುಗಿ. ಅವಳ ಅಪ್ಪ ಅಲ್ಲಿ ಹಾಸುಗಲ್ಲು ಕೊರೆಯುವ ಕೆಲಸದವರು. ಪಾಲಿಟೆಕ್ನಿಕ್ಕಿನಲ್ಲಿ ಓದಿ, ಸಂದರ್ಶನ ಕೊಟ್ಟು, ಸಂಘದ ನೌಕರಿಗೆ ಆಯ್ಕೆಯಾಗಿ ಬಂದಿದ್ದಳು. ಬಸ್ಸಿನಿಂದ ಇಳಿದವಳನ್ನು ಕಾಕಾ ಮೇಲಿಂದ ಕೆಳಗೆ ನೋಡಿ, “ನೀ ಒಬ್ಬಾಕಿನೇ ನಡಸ್ತೀ ಏನವ್ವ?” ಅಂದರು. “ನಡಸ್ತೀನ್ರಿ ಕಾಕಾ. ನೀವು ನೀರು ಬಿಡ್ರಿ, ಮುಂದಿಂದು ನನಗ ಬಿಡ್ರಿ,” ಅಂದಳು. ಕಾಕಾನಿಗೆ ಉತ್ತರ ಹಿಡಿಸಿತು. ನಮ್ಮ ಮನೆಯ ಹೊರಗಿನ ಖೋಲಿಯಲ್ಲೇ ಅವಳ ವಾಸ. ನಮ್ಮ ಅತ್ತೆ ಬಡಿಯುವ ಜೋಳದ ರೊಟ್ಟಿಗೆ ಅವಳ ಅಮ್ಮ ಕಳಿಸುವ ನಿಂಬೆ ಉಪ್ಪಿನಕಾಯಿ ಎಷ್ಟು ಚೆನ್ನಾಗಿ ಹೊಂದುತ್ತಿತ್ತೆಂದರೆ, ಎರಡೂ ಮನೆಯ ಊಟ ಎಲ್ಲಿ ಬೇರೆಯಾಗುತ್ತದೆ ಎಂಬುದೇ ಮರೆತುಹೋಯಿತು.

ಯಂತ್ರ ಶುರುವಾದ ದಿನ ಒಂದು ವಿಚಿತ್ರ ನಡೆಯಿತು. ನೀರೆಲ್ಲ ದೊಡ್ಡ ಕೊಳವೆಯೊಳಗೆ ಹೊರಳಿತು, ದಬದಬಿ ನಿಂತುಹೋಯಿತು. ಹುಟ್ಟಿದಾಗಿನಿಂದ ಆ ಸದ್ದು ಕೇಳಿದ ಜನ ಕಿವಿ ಕಿವಿ ಮುಟ್ಟಿ ನೋಡಿಕೊಂಡರು. ನಮ್ಮೂರ ಹೆಂಗಸರು ಎಷ್ಟು ಚೀರಿ ಮಾತಾಡುತ್ತೇವೆ ಎಂಬುದು ಅವತ್ತು ಮೊದಲ ಸಲ ನಮಗೇ ಕೇಳಿಸಿತು. ಒಗೆಯುವ ಕಲ್ಲಿನ ಮೇಲೆ ಕೂತು ನೆರೆಮನೆಯ ಕಾಶೀಬಾಯಿ ತನ್ನ ಅತ್ತೆಯ ಜಿಪುಣತನದ ಬಗ್ಗೆ ಹೇಳಿದ್ದು ಆಚೆ ದಂಡೆಯಲ್ಲಿದ್ದ ಅತ್ತೆಗೇ ಚೆನ್ನಾಗಿ ಕೇಳಿಸಿ, ಆ ಮನೆಯಲ್ಲಿ ಬಹಳ ದಿನ ಮಾತುಕತೆ ಇರಲಿಲ್ಲ. ಕಾಶೀಬಾಯಿ ಇವತ್ತಿಗೂ ಆ ಜಗಳವನ್ನು ಪವರ್‌ಹೌಸಿನ ಲೆಕ್ಕಕ್ಕೇ ಬರೆಯುತ್ತಾಳೆ.

ಯಂತ್ರ ಚೆನ್ನಾಗಿಯೇ ಇತ್ತು. ಕೆನಾಲಿನಲ್ಲಿ ಬರುವ ಕಸವೇ ಅದಕ್ಕೆ ಆಗಿಬರಲಿಲ್ಲ. ಕೊಳವೆಯ ಬಾಯಿಗೆ ಕಬ್ಬಿಣದ ಸರಳಿನ ಜಾಲರಿ ಇದೆ. ಅದಕ್ಕೆ ಕಸ ಮೆತ್ತಿಕೊಂಡರೆ ಒಳಗೆ ನೀರು ಹೋಗದು, ಯಂತ್ರ ನಿಧಾನವಾಗಿ ಕೊನೆಗೆ ನಿಂತೇಬಿಡುತ್ತದೆ. ಉದ್ದ ಹಿಡಿಯ, ಬಾಚಣಿಗೆಯ ಹಾಗೆ ಹಲ್ಲಿರುವ ದಂತಾಳದಿಂದ ಅದನ್ನು ಎಳೆದು ಎಳೆದು ದಂಡೆಗೆ ಹಾಕುತ್ತಿರಬೇಕು. ಊರಿನ ಪಡ್ಡೆ ಹುಡುಗರನ್ನು ಹಚ್ಚಿ ನೋಡಿದರು, ಕಸ ಎಳೆಯುವುದು ಅವರ ಮೀಸೆಗೆ ಹೊಂದಲಿಲ್ಲ. ಆಗ ನಮ್ಮ ಮಹಿಳಾ ಸಂಘದವರು ಮುಂದಾದೆವು. ಹೊಲದಲ್ಲಿ ಕಸ ತೆಗೆಯುವ ಕೈಗೆ ನೀರಿನಲ್ಲಿ ತೆಗೆಯುವುದು ಏನು ದೊಡ್ಡದು?

ಈ ಸುದ್ದಿಯನ್ನು ವಾಡಿಯ ಅಣ್ಣನಿಗೆ ಫೋನಿನಲ್ಲಿ ಹೇಳಿದೆ. “ಪವರ್‌ಹೌಸಿನಾಗ ಕೆಲಸಕ್ಕ ಸೇರೀನಿ ಅಣ್ಣಾ.”

“ಹೌದಾ! ಏನು ಕೆಲಸ?”

“ಜಾಲರಿ ವಿಭಾಗ.”

ಅಣ್ಣ ಬಹಳ ದಿನ ಅದನ್ನು ಯಾವುದೋ ಆಫೀಸಿನ ಹುದ್ದೆ ಎಂದೇ ತಿಳಿದು ನೆಂಟರಿಗೆಲ್ಲ ಹೇಳಿದ್ದ.

ಜಾಲರಿಯ ಮುಂದೆ ನಿಂತರೆ ಮೇಲಿನ ಊರುಗಳ ಸಮಾಚಾರವೆಲ್ಲ ಗೊತ್ತಾಗುತ್ತದೆ. ಊಟದೆಲೆ, ಹೂವಿನ ಹಾರ ಬಂದವೆಂದರೆ ಯಾರದೋ ಮನೆಯಲ್ಲಿ ಮದುವೆಯಾಗಿದೆ. ಚಟ್ಟದ ಬಿದಿರು ಕೋಲು ಬಂದರೆ ಕಾಶೀಬಾಯಿ ದಂತಾಳ ನಿಲ್ಲಿಸಿ ಕೈ ಮುಗಿಯುತ್ತಾಳೆ, ಯಾರೋ ತೀರಿಕೊಂಡಿದ್ದಾರೆ. ಒಂದು ಸಲ ಒಂದೇ ಒಂದು ಕೆಂಪು ಚಪ್ಪಲಿ ಬಂತು, ಹೊಚ್ಚ ಹೊಸದು. ಅದರ ಜೋಡಿ ಬರುತ್ತದೆಂದು ನಾವು ವಾರಗಟ್ಟಲೆ ಕಾದೆವು. ಬರಲಿಲ್ಲ. ಒಳ್ಳೆ ಕುಂಬಳಕಾಯಿ ಬಂದರೆ ಮಾತ್ರ ಅದು ಕಸ ಹೌದೋ ಅಲ್ಲವೋ ಎಂಬ ಚರ್ಚೆ ನಡೆಯುತ್ತಿತ್ತು, ಚರ್ಚೆ ನಸ್ರೀನಳ ಸಮೇತ ಎಲ್ಲರೂ ಹಂಚಿಕೊಂಡು ಪಲ್ಯ ಮಾಡುವುದರಲ್ಲಿ ಮುಗಿಯುತ್ತಿತ್ತು.

ಇಷ್ಟೆಲ್ಲ ಹೆಮ್ಮೆಯಲ್ಲಿದ್ದ ನಮಗೆ ಒಂದು ಮಳೆಗಾಲ ಸರಿಯಾಗಿ ಮುಖಭಂಗ ಮಾಡಿತು. ಗಾಳಿಗೆ ದೊಡ್ಡ ಲೈನಿನ ಕಂಬ ಬಿದ್ದು ಸುತ್ತಲಿನ ಹಳ್ಳಿಗಳಲ್ಲಿ ಕರೆಂಟು ಹೋಯಿತು. ಜೊತೆಗೆ ನಮ್ಮೂರಲ್ಲೂ ಹೋಯಿತು! ಕರೆಂಟು ಹುಟ್ಟುವ ಊರಲ್ಲಿ ನಾವು ಚಿಮಣಿ ದೀಪ ಹುಡುಕುತ್ತ ಕೂತೆವು. ಅಣ್ಣ ಫೋನು ಮಾಡಿ, “ಏನವ್ವ, ಜಾಲರಿ ವಿಭಾಗದಾಗ ಮೋಂಬತ್ತಿ ಕೊಡ್ತಾರೇನು?” ಎಂದು ಕೇಳಿದ.

ನಾನು ಸಿಟ್ಟಿನಿಂದ ನಸ್ರೀನಳ ಹತ್ತಿರ ಹೋದೆ. ಅವಳು ನಿಧಾನವಾಗಿ ಹೇಳಿದಳು: “ನಮ್ಮ ಮಿಷನ್ ದೊಡ್ಡ ಲೈನಿನ ಕೈ ಹಿಡಕೊಂಡು ನಡೀತದ ಅಕ್ಕಾ. ಅದು ಕೈ ಬಿಟ್ರ ಇದೂ ನಿಲ್ತದ. ಒಂಟಿಯಾಗಿ ನಡೀಬೇಕಂದ್ರ ಬ್ಯಾರೆ ಸಾಮಾನು ಬೇಕು, ಬ್ಯಾರೆ ಲೈನ್ ಬೇಕು, ಪರವಾನಗಿನೂ ಬೇಕು.”

ಇದನ್ನು ಕೇಳಿಸಿಕೊಂಡ ಶರಣಪ್ಪ ಕಾಕಾ ಟವೆಲ್ಲು ಝಾಡಿಸಿ ಎದ್ದರು. ಚಿಂಚೋಳಿ, ಸೇಡಂ, ಕಲಬುರಗಿ ಎಂದು ಅವರು ಆಫೀಸು ಆಫೀಸು ತಿರುಗಿದ್ದನ್ನು ನಾನು ವಿವರಿಸಿದರೆ ನಿಮಗೇ ಕಾಲು ನೋವು ಬರುತ್ತದೆ. ಅಂತೂ ಕೊನೆಗೆ ಕುಡಿಯುವ ನೀರಿನ ಪಂಪಿಗೆ ಮತ್ತು ಊರಿನ ದವಾಖಾನೆಗೆ ಪವರ್‌ಹೌಸಿನಿಂದಲೇ ಒಂದು ಬೇರೆ ಲೈನು ಬಂತು. ಅಧಿಕಾರಿಗಳ ಮುಂದೆ ಒಮ್ಮೆ ಪರೀಕ್ಷೆಯೂ ಆಯಿತು. ಬಲ್ಬು ಹತ್ತಿತು, ಚಪ್ಪಾಳೆಯಾಯಿತು, ಬೂಂದಿ ಲಾಡು ಹಂಚಿದರು. ಅದು ನಿಜವಾಗಿ ಕೆಲಸಕ್ಕೆ ಬರುವ ದಿನ ಹೇಗಿರುತ್ತದೆ ಎಂದು ಅವತ್ತು ಯಾರೂ ಯೋಚಿಸಿರಲಿಲ್ಲ.

ಆ ದಿನ ದೀಪಾವಳಿಗೆ ಸ್ವಲ್ಪ ಮುಂಚೆ ಬಂತು. ಹಿಂಗಾರಿಗೆಂದು ಕೆನಾಲಿನಲ್ಲಿ ನೀರು ಬಿಟ್ಟಿದ್ದರು. ಯಾರೂ ಎಣಿಸದ ಗಾಳಿಮಳೆ ಬಂದು ಹೊಡೆಯಿತು. ಬೆಳಗ್ಗೆ ಎದ್ದು ನೋಡಿದರೆ ಕಂಬಗಳು ಮಲಗಿವೆ, ಫೋನುಗಳು ಸತ್ತಿವೆ, ಚಿಂಚೋಳಿ ರಸ್ತೆಯ ಹಳ್ಳ ಸೇತುವೆಯ ಮೇಲೆ ಹರಿಯುತ್ತಿದೆ. ಆ ಕಡೆಯಿಂದ ಈ ಕಡೆಗೆ ಒಂದು ಸೈಕಲ್ಲೂ ಬರುವಂತಿಲ್ಲ.

ನಾನು, ಕಾಶೀಬಾಯಿ ಗೋಣಿಚೀಲವನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು ಜಾಲರಿಯ ಹತ್ತಿರ ಹೋದಾಗ, ದವಾಖಾನೆಯ ನರ್ಸ್ ಸುನಂದಾ ಮಳೆಯಲ್ಲೇ ಓಡಿಬಂದರು. ಕಾಲಲ್ಲಿ ಚಪ್ಪಲಿಯೂ ಇರಲಿಲ್ಲ.

“ನಸ್ರೀನ್ ಎಲ್ಲಿ? ಲೈಟ್ ಬೇಕವ್ವ, ಜಲ್ದಿ ಬೇಕು!”

ತೆಲಂಗಾಣದ ಗಡಿಗೆ ಹತ್ತಿದ ಕುಂಚಾವರಂ ಕಡೆಯ ಒಂದು ಸಣ್ಣ ಊರಿನ ಹೆಣ್ಣುಮಗಳು ಹಿಂದಿನ ದಿನ ನೋವು ಬಂದು ದವಾಖಾನೆಗೆ ಬಂದಿದ್ದಳು. ಬೆಳಗಿನ ಜಾವ ಹೆರಿಗೆಯಾಗಿತ್ತು. ದಿನ ತುಂಬದ ಕೂಸು, ಅಂಗೈಯಷ್ಟು ಇದೆ. ಉಸಿರು ಎಳೆದುಕೊಳ್ಳಲು ಅದಕ್ಕೆ ಶಕ್ತಿಯಿಲ್ಲ. ತಾಯಿಯ ಎದೆಗೇ ಹಚ್ಚಿ ಬೆಚ್ಚಗೆ ಇಟ್ಟಿದ್ದಾರೆ, ಆದರೆ ಆಕ್ಸಿಜನ್ ಯಂತ್ರ ನಡೆಯಬೇಕು. ಅದು ಬ್ಯಾಟರಿಯ ಮೇಲೆ ನಡೆಯುತ್ತಿದೆ, ಬ್ಯಾಟರಿ ಮುಗಿಯುತ್ತಾ ಬಂದಿದೆ. ಡಾಕ್ಟರು ಹಳ್ಳದ ಆಚೆ ಇದ್ದಾರೆ.

ನಸ್ರೀನ್ ಆಗಲೇ ಒಳಗಿದ್ದಳು. ಸುನಂದಾ ಹೇಳಿದ್ದನ್ನು ಕೇಳಿ ಯಂತ್ರದ ಮುಂದೆ ಹೋಗಿ ನಿಂತಳು. ಒಂಟಿಯಾಗಿ ಯಂತ್ರ ನಡೆಸಿದ್ದು ಅವಳೂ ಆ ಲಾಡು ಹಂಚಿದ ದಿನ ಮಾತ್ರ. “ಬಿಸ್ಮಿಲ್ಲಾ” ಎಂದು ಹಿಡಿಕೆಗಳಿಗೆ ಕೈ ಹಚ್ಚಿದಳು. ನೆಲ ಗುಯ್ಯೆಂದಿತು. ಗೋಡೆಯ ಬಲ್ಬು ಮೊದಲು ಕೆಂಪಗೆ, ಆಮೇಲೆ ಹಳದಿಯಾಗಿ, ಆಮೇಲೆ ಬೆಳ್ಳಗೆ ಉರಿಯಿತು. ಸುನಂದಾ ಹಿಂದಿರುಗಿ ನೋಡದೆ ದವಾಖಾನೆಗೆ ಓಡಿದರು.

ನಾವು ಗೆದ್ದೆವೆಂದು ತಿಳಿಯುವಷ್ಟರಲ್ಲಿ ಬಲ್ಬು ಮತ್ತೆ ಕೆಂಪಾಯಿತು. ಕೆನಾಲಿನ ತುಂಬ ಮುರಿದ ಟೊಂಗೆ, ಬೇರು ಸಮೇತ ಕಿತ್ತ ಜಾಲಿ, ಯಾರದೋ ಗುಡಿಸಲಿನ ಮೇಲಿನ ಹುಲ್ಲು ಎಲ್ಲ ಗುಡ್ಡೆಗುಡ್ಡೆಯಾಗಿ ಬಂದು ಜಾಲರಿಗೆ ಬಡಿಯುತ್ತಿದ್ದವು.

“ಅಕ್ಕಾ, ಎಳೀರಿ! ನಿಲ್ಲಬ್ಯಾಡ್ರಿ, ಎಳೀರಿ!” ಒಳಗಿನಿಂದ ನಸ್ರೀನಳ ಕೂಗು.

ಎಳೆದೆವು. ಕಾಶೀಬಾಯಿ ಊರಿನ ಕಡೆ ತಿರುಗಿ ಒಂದು ಕೂಗು ಹಾಕಿದಳು. ದಬದಬಿಯ ಬುಡದಲ್ಲಿ ಪಳಗಿದ ಗಂಟಲು ಅದು, ಫೋನು ಬೇಕಾಗಲಿಲ್ಲ. ಹೆಂಗಸರು ಕೈಗೆ ಸಿಕ್ಕ ದಂತಾಳ, ಕೊಕ್ಕೆಕೋಲು ಹಿಡಿದು ಬಂದರು. ಕೌದಿ ಮಡಚಿಡುತ್ತಿದ್ದವರು, ರೊಟ್ಟಿ ಬಡಿಯುತ್ತಿದ್ದವರು, ಹಿಟ್ಟಿನ ಕೈಯಲ್ಲೇ ಬಂದರು. ಸಾಲಾಗಿ ನಿಂತು ಎಳೆದೆವು. ಒಬ್ಬಳ ತೋಳು ಸೋತರೆ ಹಿಂದಿನವಳು ಮುಂದಕ್ಕೆ ಬಂದಳು. ಕಾಶೀಬಾಯಿಯ ಅತ್ತೆ ಸೊಸೆಯ ಕೈಯಿಂದ ದಂತಾಳ ಕಸಿದುಕೊಂಡು, “ಸರಿ ಆಕಡಿ, ನಿನಗೇನ್ ಬರ್ತದ,” ಎಂದು ತಾವೇ ನಿಂತರು.

ನಡುವೆ ಇದ್ದಕ್ಕಿದ್ದ ಹಾಗೆ ಬಲ್ಬು ಮಿಣುಕಿತು. ಈ ಸಲ ಕಾರಣ ಕಸವಲ್ಲ. ಕುಡಿಯುವ ನೀರಿನ ಪಂಪನ್ನು ಯಾರೋ ಚಾಲೂ ಮಾಡಿದ್ದರು. ಟಾಕಿ ತುಂಬಿಕೊಳ್ಳಲಿ ಎಂಬ ಒಳ್ಳೆಯ ಬುದ್ಧಿಯೇ, ಆದರೆ ಹೊತ್ತಲ್ಲದ ಹೊತ್ತು. ಶರಣಪ್ಪ ಕಾಕಾ ಛತ್ರಿ ಹಿಡಿದು ಪಂಪಿನ ಮನೆಗೆ ಹೋಗಿ ಸ್ವಿಚ್ ತೆಗೆದು, ಬಾಗಿಲಿಗೆ ಬೆನ್ನು ಕೊಟ್ಟು ಅಡ್ಡ ನಿಂತರು. “ಇವತ್ತು ಮಳಿ ನೀರು ಕುಡೀರಿ. ಆಕಾಶ ಪುಕ್ಕಟೆ ಕೊಡ್ಲಿಕತ್ತದ,” ಎಂದು ಬಂದವರನ್ನೆಲ್ಲ ಹಿಂದಕ್ಕೆ ಕಳಿಸಿದರು.

ಅಲ್ಲಿಗೇ ಅವರ ಹೊಲದ ಪಕ್ಕದ ರೈತನೊಬ್ಬ ಮಳೆಯಲ್ಲಿ ನೆನೆದು ಬಂದ. ಕೆನಾಲಿನ ನೀರು ಬಾಲಕ್ಕೆ ಹೋಗಿ ನುಗ್ಗುತ್ತಿತ್ತು. ಹೆಚ್ಚಾದ ನೀರನ್ನು ಹಳ್ಳಕ್ಕೆ ಬಿಡುವ ತೂಬು ಇದೆ, ಆದರೆ ಹಳ್ಳವೇ ತುಂಬಿ ನೀರನ್ನು ಹಿಂದಕ್ಕೆ ತಳ್ಳುತ್ತಿತ್ತು. ಕಾಕಾನ ತೊಗರಿ ಹೂವು ಬಿಟ್ಟು ನಿಂತಿತ್ತು. ನೀರು ನಿಂತರೆ ತೊಗರಿ ಉಳಿಯದು.

“ಕಾಕಾ, ಮ್ಯಾಲಿನ ಗೇಟ್ ಮುಚ್ಚಸ್ರಿ. ನಿಮ್ಮ ತೊಗರಿ ಮುಳುಗ್ಲಿಕತ್ತದ!”

ನಮ್ಮ ಕೆನಾಲಿಗೆ ನೀರು ಬಿಡುವ ಆ ಗೇಟು ಮುಚ್ಚಿಸುವ ಅಧಿಕಾರ ಅಧ್ಯಕ್ಷರದ್ದೇ. ಮುಚ್ಚಿದರೆ ಯಂತ್ರ ನಿಲ್ಲುತ್ತದೆ. ಈ ಮಾತು ನಡೆದದ್ದು ನಾವು ನಿಂತಿದ್ದ ದಂಡೆಯ ಎದುರಿಗೇ, ಪಂಪಿನ ಮನೆ ಅಲ್ಲೇ ಇದೆ. ಎಲ್ಲರ ದಂತಾಳವೂ ಒಂದು ಗಳಿಗೆ ತಡೆಯಿತು. ಕಾಕಾ ನಮ್ಮ ಕಡೆ ನೋಡಲಿಲ್ಲ, ಬಂದವನ ಕಡೆಯೂ ನೋಡಲಿಲ್ಲ. ಪವರ್‌ಹೌಸಿನ ಕಿಟಕಿಯಲ್ಲಿ ಉರಿಯುತ್ತಿದ್ದ ಬಲ್ಬನ್ನು ನೋಡಿದರು.

“ಎಷ್ಟ್ ವರ್ಷ ಬಾಲಕ್ಕ ನೀರು ಬೇಕು ಅಂತ ಬಡಕೊಂಡೀನಿ,” ಅಂದರು. “ಇವತ್ತು ಬಂದದ. ಬರ್ಲಿ ಬಿಡು.”

ಆಮೇಲೆ ನಮ್ಮ ಕಡೆ ತಿರುಗಿ ಗದರಿದರು: “ಯಾಕ ನಿಂತೀರಿ? ನನ್ನ ಮಾರಿ ಏನ್ ನೋಡ್ತೀರಿ, ಎಳೀರಿ!”

ನಮಗೆ ಎಲ್ಲಿಂದ ಬಲ ಬಂತೋ ಕಾಣೆ. ಎಳೆದೆವು. ಹೊತ್ತು ಏರಿತು, ಇಳಿಯಿತು. ಮಳೆ ತೆಳುವಾಯಿತು. ಯಾರೋ ಬೆಲ್ಲದ ಚಹಾ ತಂದು ಕೊಟ್ಟರು, ಹಿಡಿ ಬಿಡದೆ ಒಂದೇ ಕೈಯಲ್ಲಿ ಕುಡಿದೆವು. ಸುನಂದಾ ಆಗಾಗ ದಂಡೆಗೆ ಕಾಣುವ ದವಾಖಾನೆಯ ಮೆಟ್ಟಿಲ ಮೇಲೆ ಬಂದು ಕೈ ಎತ್ತಿ ತೋರಿಸುತ್ತಿದ್ದರು. ಕೈ ಎತ್ತಿದರೆ ಕೂಸು ಉಸಿರಾಡುತ್ತಿದೆ ಎಂದು ಅರ್ಥ. ಒಮ್ಮೆ ಬಹಳ ಹೊತ್ತು ಅವರು ಬರಲೇ ಇಲ್ಲ. ಆ ಹೊತ್ತಿನಲ್ಲಿ ನಮ್ಮಲ್ಲಿ ಯಾರೂ ಒಂದು ಮಾತೂ ಆಡಲಿಲ್ಲ. ನಮ್ಮೂರ ಹೆಂಗಸರು, ನೆನಪಿರಲಿ. ಆಮೇಲೆ ಬಂದು ಎರಡೂ ಕೈ ಎತ್ತಿದರು. ನಾನು ಮುಖ ತಿರುಗಿಸಿಕೊಂಡೆ, ಮಳೆಯಲ್ಲಿ ಯಾರಿಗೆ ಏನು ತಿಳಿಯುತ್ತದೆ ಅಂದುಕೊಂಡೆ. ಪಕ್ಕದಲ್ಲಿ ಕಾಶೀಬಾಯಿ ಗಟ್ಟಿಯಾಗಿಯೇ ಅಳುತ್ತಿದ್ದಳು.

ಇನ್ನೂ ಬೆಳಕಿರುವಾಗಲೇ ಹಳ್ಳ ಇಳಿಯಿತು. ಆಂಬುಲೆನ್ಸು ಕೆಸರು ಹಾರಿಸುತ್ತ ಬಂತು, ಡಾಕ್ಟರೂ ಅದರಲ್ಲೇ ಬಂದರು. ತಾಯಿಯನ್ನೂ ಕೂಸನ್ನೂ ಕಲಬುರಗಿಯ ದೊಡ್ಡ ದವಾಖಾನೆಗೆ ಕರೆದೊಯ್ದರು. ನಸ್ರೀನ್ ಯಂತ್ರ ನಿಲ್ಲಿಸಿ ಹೊರಗೆ ಬಂದು, ದಂಡೆಯ ಮೇಲೆ ನಾವು ಒಟ್ಟಿದ ಕಸದ ಗುಡ್ಡವನ್ನು ನೋಡಿದಳು. ಅದು ಪವರ್‌ಹೌಸಿಗಿಂತ ಎತ್ತರವಾಗಿತ್ತು. ನಮ್ಮ ಅತ್ತೆಯ ಹೆಗಲಿಗೆ ತಲೆಯಿಟ್ಟಳು. “ರೊಟ್ಟಿ ಆರ್ಯಾವ, ನಡಿ, ಉಣ್ಣು,” ಅಂದರು ಅತ್ತೆ.

ಬಾಲದ ಹೊಲದಲ್ಲಿ ಕಾಕಾನ ತೊಗರಿ ಉಳಿಯಲಿಲ್ಲ. ಅವರು ಅದರ ಬಗ್ಗೆ ಯಾರ ಮುಂದೆಯೂ ಮಾತೆತ್ತಲಿಲ್ಲ. ನೀರು ಬಸಿದ ಮೇಲೆ ಸಂಘದ ರೈತರೆಲ್ಲ ತಮ್ಮ ತಮ್ಮ ಎತ್ತು, ಟ್ರ್ಯಾಕ್ಟರು ತಂದು, ಅವರು ಬೇಡ ಬೇಡ ಎನ್ನುತ್ತಿದ್ದರೂ ಕೇಳದೆ, ಆ ಹೊಲ ಹರಗಿ ಬಿಳಿಜೋಳ ಬಿತ್ತಿಕೊಟ್ಟರು. ಹಸಿ ಚೆನ್ನಾಗಿ ಹಿಡಿದಿದ್ದ ನೆಲ, ಜೋಳ ಆಳೆತ್ತರ ಬಂತು. ಸೀತನಿಗೆಂದು ಕಾಕಾ ಊರನ್ನೇ ಕರೆದರು. ಎಳೆ ಜೋಳದ ತೆನೆ ಸುಟ್ಟು, ತಿಕ್ಕಿ, ಬಿಸಿಬಿಸಿಯಾಗಿ ನಮ್ಮ ಕೈಗೆ ಹಾಕಿದರು.

ಅದೇ ದಿನಗಳಲ್ಲಿ ಒಂದು ಬೆಳಗ್ಗೆ ನಾನು ಜಾಲರಿಯ ಮುಂದೆ ಇದ್ದೆ. ಬಸ್ಸಿನಿಂದ ಇಳಿದ ಇಬ್ಬರು ಹೆಂಗಸರು ದಂಡೆಯ ಮೇಲೆ ನಡೆದುಬಂದರು. ಒಬ್ಬಳು ಎಳೆಯ ತಾಯಿ, ತೋಳಿನಲ್ಲಿ ಬಟ್ಟೆ ಸುತ್ತಿದ ಕೂಸು. ಇನ್ನೊಬ್ಬರು ವಯಸ್ಸಾದವರು, ಕೂಸಿನ ಅಜ್ಜಿ ಲಕ್ಷ್ಮಮ್ಮ. ಕಲಬುರಗಿಯಿಂದ ಕೂಸನ್ನು ಮನೆಗೆ ಕರೆದೊಯ್ಯುವ ದಾರಿಯಲ್ಲಿ ಇಳಿದಿದ್ದರು. ಅಜ್ಜಿಗೆ ತೆಲುಗು ಬಿಟ್ಟರೆ ಕನ್ನಡ ಅಷ್ಟಕ್ಕಷ್ಟೆ. ನನಗೆ ತೆಲುಗು ಅದಕ್ಕಿಂತ ಕಡಿಮೆ. ಮಗಳು ಕೂಸಿನ ಮುಖದ ಬಟ್ಟೆ ಸರಿಸಿದಳು. ಕೂಸು ಆಕಳಿಸಿತು. ಅಷ್ಟು ಸಣ್ಣ ಬಾಯಿಯಲ್ಲಿ ಅಷ್ಟು ದೊಡ್ಡ ಆಕಳಿಕೆ ನಾನು ನೋಡಿರಲಿಲ್ಲ.

ಲಕ್ಷ್ಮಮ್ಮ ನನ್ನ ಕೈ ಹಿಡಿದು ಅಂಗೈ ತಿರುಗಿಸಿ ನೋಡಿದರು. ದಂತಾಳದ ಹಿಡಿಗೆ ಗಟ್ಟಿಯಾದ ಚರ್ಮದ ಮೇಲೆ ಹೆಬ್ಬೆರಳು ಆಡಿಸಿದರು. ಆಮೇಲೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನನ್ನ ಕೈಯಲ್ಲಿದ್ದ ದಂತಾಳ ತೆಗೆದುಕೊಂಡು, ಜಾಲರಿಯ ಮುಂದೆ ನಿಂತರು.

“ಬ್ಯಾಡ್ರಿ ಅವ್ವಾ, ಬಿಡ್ರಿ,” ಅಂದೆ.

ಕೇಳಲಿಲ್ಲ. ದಂತಾಳ ನೀರಿಗೆ ಇಳಿಸಿ, ಸರಳಿನ ಉದ್ದಕ್ಕೂ ಕೆಳಗಿನಿಂದ ಮೇಲೆ ಎಳೆದರು. ಒದ್ದೆ ಎಲೆಯ ದೊಡ್ಡ ಮುದ್ದೆ ದಂಡೆಗೆ ಬಂದು ಬಿತ್ತು. ಅದನ್ನು ನೋಡಿ, ನೀರಿಗೆ ಬಗ್ಗಿ ನೋಡಿ, “ಇಂಕಾ ಉಂದಿ,” ಅಂದರು. ಇನ್ನೂ ಇದೆ ಎಂದು. ಅಷ್ಟು ತೆಲುಗು ನನಗೂ ತಿಳಿಯಿತು. ಮತ್ತೆ ಎಳೆದರು.

ಒಳಗಿನಿಂದ ನಸ್ರೀನ್ ಕೂಗಿದಳು: “ಅಕ್ಕಾ, ನೀರು ಭಾಳ ಛಲೋ ಬರ್ಲಿಕತ್ತದ! ಯಾರು ಎಳೀಲಿಕತ್ತಾರ ಇವತ್ತ?”

ನಾನು ಲಕ್ಷ್ಮಮ್ಮನ ಬೆನ್ನ ಹಿಂದೆ ನಿಂತು, ದಬದಬಿಯ ಸದ್ದು ಮೀರಿ ಕೂಗುತ್ತಿದ್ದ ದಿನಗಳ ಗಂಟಲಿನಲ್ಲೇ ಹೇಳಿದೆ: “ನಮ್ಮವ್ರೇ ಅದಾರವ್ವ. ನೀ ನಡಸು!”